ಮೇಲಿನ ಬೀದಿಗೆ ಕಾಯಿಲೆ ಬರುವುದಿಲ್ಲ

ನಮ್ಮ ಊರಿನಲ್ಲಿ ಯಾರಿಗೂ ಸ್ವಂತ ಮನೆಯಿಲ್ಲ. ಒಂದೇ ಗುಡ್ಡದ ಮೈಗೆ ಒಂದರ ಮೇಲೊಂದರಂತೆ ಒಂಬತ್ತು ಬೀದಿಗಳಿವೆ, ಬೀದಿಯಿಂದ ಬೀದಿಗೆ ಕಲ್ಲಿನ ಮೆಟ್ಟಿಲುಗಳಿವೆ. ಯಾರು ಯಾವ ಬೀದಿಯಲ್ಲಿರಬೇಕು ಎಂಬುದನ್ನು ವರ್ಷಕ್ಕೊಮ್ಮೆ ನಡೆಯುವ ರಕ್ತಪರೀಕ್ಷೆ ಹೇಳುತ್ತದೆ. ಮನೆಯಲ್ಲಿ ಒಲೆ ಹಚ್ಚುವವರು ಯಾರೋ ಅವರ ರಕ್ತ ತೆಗೆಯುತ್ತಾರೆ. ಅದರಲ್ಲಿ ಬಿ-12 ಎಂಬ ವಿಟಮಿನ್ ಎಷ್ಟಿದೆ ಎಂದು ಅಳೆಯುತ್ತಾರೆ. ಬಂದ ಅಂಕಿಯನ್ನು ಚಾವಡಿಯ ಕಟ್ಟೆಯ ಮೇಲೆ ನಿಂತು ಕೂಗುತ್ತಾರೆ. ಅಂಕಿ ಏರಿದ ಮನೆಯವರು ಮೇಲಿನ ಬೀದಿಗೆ, ಇಳಿದ ಮನೆಯವರು ಕೆಳಗಿನ ಬೀದಿಗೆ. ಅದೇ ವಾರ ಸಾಮಾನು ಹೊತ್ತು ಹೊರಡಬೇಕು.

ಊರು ಇದಕ್ಕೆ ಎಷ್ಟು ಒಗ್ಗಿಹೋಗಿದೆಯೆಂದರೆ ನಮ್ಮಲ್ಲಿ ಬೀರು ಮಾಡುವ ಬಡಗಿಯೇ ಇಲ್ಲ. ಮಂಚಗಳೆಲ್ಲ ಮಡಚುತ್ತವೆ. ರುಬ್ಬುವ ಕಲ್ಲು ಮಾತ್ರ ಮನೆಯ ಜೊತೆಗೇ ಉಳಿಯುತ್ತದೆ. ಹಾಗಾಗಿ ಯಾವ ಮನೆಯ ಕಲ್ಲು ನುಣ್ಣಗೆ ರುಬ್ಬುತ್ತದೆ, ಯಾವುದು ಮರಳು ಬಿಡುತ್ತದೆ ಎಂಬುದು ಹೆಂಗಸರೆಲ್ಲರಿಗೂ ಗೊತ್ತು. ಒಬ್ಬರು ನೆಟ್ಟ ಮಲ್ಲಿಗೆಯನ್ನು ಇನ್ನೊಬ್ಬರು ಮುಡಿಯುತ್ತಾರೆ. ಒಂದೇ ಬಾಗಿಲ ಚೌಕಟ್ಟಿನ ಮೇಲೆ ಬೇರೆ ಬೇರೆ ಮನೆಯ ಮಕ್ಕಳ ಎತ್ತರವನ್ನು ಗೀರಿ ಗುರುತು ಮಾಡಿರುತ್ತಾರೆ, ಯಾವ ಗೀರು ಯಾವ ಮಗುವಿನದೆಂದು ಯಾರಿಗೂ ನೆನಪಿರುವುದಿಲ್ಲ. ಹೆಣ್ಣು ಕೇಳಲು ಬಂದವರ ಮೊದಲ ಪ್ರಶ್ನೆ, "ನಿಮ್ಮಲ್ಲಿ ಒಲೆ ಯಾರು ಹಚ್ತಾರೆ?"

ಮೇಲೆ ಗಾಳಿ ಚೆನ್ನಾಗಿದೆ. ಕೊಳವೆಯ ನೀರು ಮೊದಲು ಒಂಬತ್ತನೇ ಬೀದಿಗೆ ಬಂದು, ಅಲ್ಲಿ ಮಿಕ್ಕಿದ್ದು ಎಂಟಕ್ಕೆ, ಹೀಗೆ ಇಳಿಯುತ್ತದೆ. ಆಸ್ಪತ್ರೆ ಇರುವುದು ಒಂದನೇ ಬೀದಿಯಲ್ಲಿ. ಅದು ಕೆಳಗಿನ ಮೂರು ಬೀದಿಗಳವರಿಗೆ ಮಾತ್ರ. ಮೂರು ಮತ್ತು ನಾಲ್ಕನೇ ಬೀದಿಗಳ ನಡುವೆ ಒಂದು ಕಲ್ಲಿನ ಕಮಾನಿದೆ. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ "ಮೇಲಿನ ಬೀದಿಗೆ ಕಾಯಿಲೆ ಬರುವುದಿಲ್ಲ" ಎಂದು ಬರೆಸಿದ್ದಾರೆ, ಬಣ್ಣ ಮಾಸಿದಾಗಲೆಲ್ಲ ಹೊಸದಾಗಿ ಬಳಿಸುತ್ತಾರೆ. ಡಾಕ್ಟರು ಆ ಕಮಾನನ್ನು ದಾಟಿ ಮೇಲೆ ಬರುವಂತಿಲ್ಲ. ಮೇಲಿನವರು ದಾಟಿ ಆಸ್ಪತ್ರೆಗೆ ಹೋದರೆ ಅವರ ಮನೆಯವರೆಲ್ಲ ಅಂದೇ ಒಂದನೇ ಬೀದಿಗೆ ಇಳಿಯಬೇಕು.

ನಾನು ಬಯಲಿನ ಒಂದು ಪತ್ರಿಕೆಯಲ್ಲಿ ಬಹಳ ವರ್ಷ ವರದಿಗಾರನಾಗಿದ್ದು ಊರಿಗೆ ಮರಳಿದವನು. ಹೆಂಡತಿ ತೀರಿಕೊಂಡ ಮೇಲೆ ನನ್ನ ಒಲೆಯನ್ನು ನಾನೇ ಹಚ್ಚುತ್ತೇನೆ. ನನ್ನದು ಐದನೇ ಬೀದಿಯ ರಕ್ತ, ಅದು ಏರಿದ್ದೂ ಇಲ್ಲ, ಇಳಿದದ್ದೂ ಇಲ್ಲ. ವಾರಕ್ಕೊಂದು ಹಾಳೆ ಬರೆದು ಚಾವಡಿಯ ಗೋಡೆಗೆ ಅಂಟಿಸುತ್ತೇನೆ. ನಮ್ಮ ಊರಿಗೆ ಅದೇ ಪತ್ರಿಕೆ.

ನನ್ನ ಅಕ್ಕ ನೀಲಾಂಬಿಕೆ, ಊರಿಗೆಲ್ಲ ನೀಲಕ್ಕ, ಬಹುಕಾಲ ಆರನೇ ಬೀದಿಯಲ್ಲಿದ್ದವಳು. ಆಮೇಲೆ ಅವಳ ಅಂಕಿ ಏರತೊಡಗಿತು. ಒಂದು ವರ್ಷ ಏಳನೇ ಬೀದಿ, ಮರುವರ್ಷ ಎಂಟು. ಈ ಸಲ ಚಾವಡಿಯ ಕಟ್ಟೆಯ ಮೇಲೆ ನಿಂತು ಮುಕುಂದರಾಯರು ಅವಳ ಅಂಕಿ ಓದಿದರು. ಮುಕುಂದರಾಯರು ಈ ಪರೀಕ್ಷೆ ನಡೆಸುವ ರಕ್ತಸಭೆಯ ಯಜಮಾನರು. ಅವರ ಕಂಠ ಚೆನ್ನಾಗಿದೆ, ಅದು ಅವರಿಗೂ ಗೊತ್ತು.

"ಎರಡು ಸಾವಿರಕ್ಕೂ ಮೇಲೆ!" ಎಂದರು. "ಅದಕ್ಕಿಂತ ಮುಂದೆ ಯಂತ್ರಕ್ಕೆ ಎಣಿಸೋಕೇ ಬರಲಿಲ್ಲ ಮಹಾಜನರೇ!"

ಸಾಧಾರಣ ಮನುಷ್ಯರಿಗೆ ಇನ್ನೂರರಿಂದ ಒಂಬೈನೂರರವರೆಗೆ ಇದ್ದರೆ ಸಾಕು. ಜನ ಶಿಳ್ಳೆ ಹಾಕಿದರು. ಭಾವ ವೃಷಭೇಂದ್ರಪ್ಪ ಟವೆಲು ಬೀಸಿ ಕುಣಿದರು. ಅವರು ಸುಮ್ಮನೆ ಕುಣಿಯುವ ಜಾತಿಯವರಲ್ಲ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದು ನಿವೃತ್ತರಾದವರು.

ಮನೆ ಬದಲಿಸುವ ದಿನ ಅವರ ಪಾತ್ರೆಗಳ ಗಂಟು ಹೊತ್ತು ನಾನು ಅಕ್ಕನ ಹಿಂದೆ ಹತ್ತುತ್ತಿದ್ದೆ. ಎಂಟನೇ ಬೀದಿಯಿಂದ ಒಂಬತ್ತಕ್ಕೆ ಏನು ಮಹಾ ದೂರ. ಅಕ್ಕ ನಾಲ್ಕು ಮೆಟ್ಟಿಲು ಹತ್ತಿ ಕೂತಳು. ಎದ್ದು ಇನ್ನಷ್ಟು ಹತ್ತಿ ಮತ್ತೆ ಕೂತಳು.

"ಏನಕ್ಕ?"

"ಏನೋ ಗೊತ್ತಿಲ್ಲಪ್ಪ. ಮೈಯೆಲ್ಲ ಹಿಂಡಿ ಹಿಪ್ಪೆ ಮಾಡಿದ ಹಾಗೆ." ಅವಳು ಮೊಣಕೈ ಕೆರೆದುಕೊಂಡಳು, ಆಮೇಲೆ ಹೊಟ್ಟೆಯ ಮೇಲೆ, ಆಮೇಲೆ ಅಂಗೈ. ಚರ್ಮದ ಮೇಲೆ ಹಳೆಯ ಗೀರುಗಳಿದ್ದವು. "ಈ ಕಡಿತ ಬೇರೆ. ಯಾವ ಎಣ್ಣೆ ಹಚ್ಚಿದ್ರೂ ಹೋಗ್ತಿಲ್ಲ."

"ಊಟ ಮಾಡ್ತಿದೀಯಾ?"

"ಅನ್ನ ಕಂಡ್ರೆ ವಾಕರಿಕೆ. ಒಗ್ಗರಣೆ ವಾಸನೆ ಬಂದ್ರೆ ಮೂಗು ಮುಚ್ಕೊಂಡು ಅಡುಗೆ ಮಾಡ್ತೀನಿ."

ಮುಂದೆ ಹೋಗುತ್ತಿದ್ದ ಭಾವ ತಿರುಗಿ ನಿಂತರು. "ಅದ್ರಲ್ಲಿ ಆಶ್ಚರ್ಯ ಏನಿದೆ ಮಾರಾಯ? ತುಂಬಿದ ಕೊಡಕ್ಕೆ ನೀರು ಹಾಕಿದ್ರೆ ಚೆಲ್ಲುತ್ತೆ. ರಕ್ತ ತುಂಬಿದೆ, ಹಸಿವು ಎಲ್ಲಿಂದ ಬರ್ಬೇಕು?" ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಹೆಂಡತಿಯ ಬಗ್ಗೆ ಅವರಿಗೆ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ಅವಳು ಊಟ ಬಿಟ್ಟಷ್ಟೂ ಅವರು ಅವಳನ್ನು ಹೆಚ್ಚು ಗೌರವದಿಂದ ನೋಡುತ್ತಿದ್ದರು, ಅಷ್ಟೇ.

ಅಕ್ಕ ಮುಖವೆತ್ತಿದಾಗ ಬಿಸಿಲು ನೇರವಾಗಿ ಅವಳ ಕಣ್ಣಿಗೆ ಬಿತ್ತು. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಕಡಲೆಹಿಟ್ಟು ಕಲಸಿದ ನೀರಿನ ಬಣ್ಣವಿತ್ತು.

ಎರಡನೇ ಬೀದಿಯಲ್ಲಿ ಕರಿಬಸವನ ಖಾನಾವಳಿ ಇದೆ. ಕರಿಬಸವ ನನ್ನ ಗೆಳೆಯ, ದೊಡ್ಡ ಆಳು, ಊರಿನಲ್ಲಿ ಅವನಷ್ಟು ಚೆನ್ನಾಗಿ ಉಣ್ಣುವವರು ಇನ್ನೊಬ್ಬರಿಲ್ಲ. ಮಾಂಸ, ಮೊಟ್ಟೆ, ಮೀನು, ಗಡಿಗೆ ಮೊಸರು, ಯಾವುದನ್ನೂ ಬಿಡುವವನಲ್ಲ. ಆದರೂ ಅವನ ಅಂಕಿ ಯಾವಾಗಲೂ ಪಾತಾಳದಲ್ಲಿರುತ್ತಿತ್ತು. ನಮ್ಮ ರಕ್ತಸಭೆ ಇದಕ್ಕೊಂದು ಪರಿಹಾರ ಕಂಡುಹಿಡಿದಿದೆ. ಅಂಕಿ ತೀರ ಕಡಿಮೆಯಿರುವವರನ್ನು ಅಮಾವಾಸ್ಯೆಗೊಮ್ಮೆ ಚಾವಡಿಯಲ್ಲಿ ಸಾಲಾಗಿ ಕೂರಿಸಿ, ಹಿರಿಯರು ಎದುರು ನಿಂತು ಉಣ್ಣಿಸುತ್ತಾರೆ. "ಮನೇಲಿ ಕದ್ದು ಮುಚ್ಚಿ ಉಪವಾಸ ಮಾಡ್ತೀರಿ, ಇಲ್ಲಿ ನಮ್ಮೆದುರು ತಿನ್ನಿ" ಎನ್ನುತ್ತಾರೆ. ಊರಿನ ಮಕ್ಕಳು ಸುತ್ತ ನಿಂತು ತುತ್ತು ಎಣಿಸುತ್ತವೆ. ಕರಿಬಸವ ಎಷ್ಟೋ ವರ್ಷ ಹೀಗೆ ತಲೆ ತಗ್ಗಿಸಿಕೊಂಡು ಉಂಡ. "ಉಂಡಿದ್ದಕ್ಕೆ ಶಿಕ್ಷೆ ತಿಂತಿರೋನು ಈ ಊರಲ್ಲಿ ನಾನೊಬ್ಬನೇ ಕಣೋ" ಎಂದು ನಗುತ್ತಿದ್ದ. ಕೊನೆಕೊನೆಗೆ ಪಾದ ಜೋಮು ಹಿಡಿದು ನಡೆಯುವಾಗ ತೂರಾಡತೊಡಗಿದ. ಒಮ್ಮೆ ಕಾದ ಬಾಣಲೆಗೆ ಬೆರಳು ತಗುಲಿ ಸುಟ್ಟರೂ ವಾಸನೆ ಬರುವವರೆಗೆ ಅವನಿಗೆ ಗೊತ್ತಾಗಲಿಲ್ಲ. ಕುಡಿದಿದ್ದಾನೆ ಎಂದರು ಜನ.

ಅವನನ್ನು ಸರಿಮಾಡಿದವರು ಆಸ್ಪತ್ರೆಯ ಡಾಕ್ಟರ್ ಜುಲೇಖಾ. ಆಹಾರದಲ್ಲಿರುವ ಬಿ-12 ರಕ್ತಕ್ಕೆ ಸೇರಬೇಕಾದರೆ ಹೊಟ್ಟೆಯಲ್ಲಿ ಒಂದು ಪದಾರ್ಥ ತಯಾರಾಗಬೇಕು. ಕರಿಬಸವನ ಹೊಟ್ಟೆಯಲ್ಲಿ ಅದು ತಯಾರಾಗುತ್ತಿರಲಿಲ್ಲ. ಅವನು ಇನ್ನೊಂದು ಕುರಿ ತಿಂದಿದ್ದರೂ ಅಷ್ಟೇ ಆಗುತ್ತಿತ್ತು. ಡಾಕ್ಟರು ಸೂಜಿಯ ಮೂಲಕ ಕೊಡತೊಡಗಿದರು, ಅವನು ನೆಟ್ಟಗೆ ನಡೆಯತೊಡಗಿದ. ಸೂಜಿಯಿಂದ ಅಂಕಿ ಏರಿ, ಮೇಲಿನ ಬೀದಿಗೆ ಹೋಗಬೇಕಾಗಿ ಬಂದು, ಆಸ್ಪತ್ರೆ ತಪ್ಪಿ, ಸೂಜಿ ನಿಂತುಹೋದೀತೆಂದು ಈಗ ಪರೀಕ್ಷೆಯ ತಿಂಗಳಲ್ಲಿ ಒಲೆ ಹಚ್ಚಲು ತನ್ನ ಅತ್ತೆಯನ್ನು ಕರೆಸಿಕೊಳ್ಳುತ್ತಾನೆ. ಆಕೆಯ ಅಂಕಿ ಕಡಿಮೆಯೇ ಇರುತ್ತದೆಂದು ನಂಬಬಹುದು.

ಅಕ್ಕನನ್ನು ಮೇಲೆ ಬಿಟ್ಟು ನಾನು ನೇರವಾಗಿ ಖಾನಾವಳಿಗೆ ಹೋದೆ. ಡಾಕ್ಟರ್ ಜುಲೇಖಾ ಅಲ್ಲೇ ಕೂತು ಇಡ್ಲಿ ತಿನ್ನುತ್ತಿದ್ದರು. ಅಕ್ಕನ ಅಂಕಿ, ಕಣ್ಣು, ಕಡಿತ ಎಲ್ಲ ಹೇಳಿದೆ.

"ಮಾತ್ರೆ ತಗೋತಾರಾ? ಸೂಜಿ, ಟಾನಿಕ್ಕು?" ಎಂದು ಕೇಳಿದರು.

"ಯಾವುದೂ ಇಲ್ಲ."

"ಊಟ?"

"ಬಿಟ್ಟಿದ್ದಾಳೆ."

ಡಾಕ್ಟರು ಇಡ್ಲಿಯ ತಟ್ಟೆ ಪಕ್ಕಕ್ಕಿಟ್ಟರು. "ಊಟ ಮಾಡದೆ, ಮಾತ್ರೆ ನುಂಗದೆ, ಎರಡು ಸಾವಿರ ಎಲ್ಲಿಂದ ಬಂತು? ಇದನ್ನ ನಿಮ್ಮ ಸಭೇಲಿ ಒಬ್ಬರೂ ಕೇಳಲಿಲ್ವಾ?"

"ಸನ್ಮಾನಕ್ಕೆ ಹೂವಿನ ಹಾರ ಹೇಳಿದ್ದಾರೆ."

"ನೋಡಿ, ಈ ವಿಟಮಿನ್ನಿಗೆ ಕಣಜ ಅಂದ್ರೆ ಲಿವರ್ರು. ಕಣಜದ ಗೋಡೆ ಒಡೆದು ಕಾಳೆಲ್ಲ ಬೀದಿಗೆ ಬಿದ್ದಿರುತ್ತೆ. ದಾರೀಲಿ ಹೋಗೋರು ನೋಡಿ, ಅಬ್ಬಾ ಈ ಊರಲ್ಲಿ ಎಷ್ಟು ಕಾಳು ಅಂತಾರೆ." ಅವರು ಬೆರಳು ಒರೆಸಿಕೊಂಡರು. "ಬೀದೀಲಿ ಎಷ್ಟಿದೆ ಅನ್ನೋದನ್ನ ಆ ಅಂಕಿ ಹೇಳುತ್ತೆ. ಮನೆಯೊಳಗೆ ಏನಾಗಿದೆ ಅಂತ ಹೇಳಲ್ಲ."

"ಹಾಗಾದರೆ ಲಿವರ್ ಕಾಯಿಲೆಯೇ?"

"ನಾನು ಹಾಗೆ ಹೇಳಲಿಲ್ಲ, ಬರ್ಕೋಬೇಡಿ. ಕಿಡ್ನಿ ಇರಬಹುದು, ರಕ್ತಕಣಗಳದ್ದೇ ತೊಂದರೆ ಇರಬಹುದು. ಕೆಲವರಲ್ಲಿ ಏನೂ ಇಲ್ಲದೆನೂ ಏರಿರುತ್ತೆ. ಆದ್ರೆ ಕಣ್ಣು ಹಳದಿ, ಮೈ ಕಡಿತ, ವಾಕರಿಕೆ ಇವೆಲ್ಲ ಜೊತೆಗಿದ್ರೆ ನೋಡ್ದೆ ಬಿಡೋ ಹಾಗಿಲ್ಲ. ನೀವು ಕರ್ಕೊಂಡು ಬನ್ನಿ. ಬೇಗ."

ನಾನು ಒಂಬತ್ತನೇ ಬೀದಿಗೆ ಮರಳಿ ಹತ್ತಿ ಭಾವನ ಎದುರು ಇದನ್ನೆಲ್ಲ ಇದ್ದದ್ದು ಇದ್ದಂತೆ ಹೇಳಿದೆ. ಅವರು ಜಗಲಿಯ ಮೇಲೆ ಹೊಸ ಗಾಳಿಗೆ ಎದೆಯೊಡ್ಡಿ ಕೂತಿದ್ದರು.

"ನಿನ್ನ ಹೊಟ್ಟೆಕಿಚ್ಚು ಇಷ್ಟು ಅಂತ ಗೊತ್ತಿರಲಿಲ್ಲ," ಎಂದರು.

"ಭಾವ, ಅವಳ ಕಣ್ಣು ನೋಡಿ."

"ನೋಡಿದೀನಿ. ಬಂಗಾರದ ಬಣ್ಣ ಬಂದಿದೆ. ಮುಕುಂದರಾಯರೂ ಹಾಗೇ ಅಂದ್ರು." ಆಮೇಲೆ ದನಿ ತಗ್ಗಿಸಿದರು. "ಮೂವತ್ತು ವರ್ಷ ಆರನೇ ಬೀದೀಲಿ ಸೋರೋ ಮನೇಲಿ ಬದುಕಿದೀನಿ ಕಣಪ್ಪ. ಇದು ನನ್ನ ಭಾಗ್ಯ ಅಲ್ಲ, ಅವಳದು. ಅವಳನ್ನ ಆ ಕಮಾನಿನ ಕೆಳಗೆ ದಾಟಿಸಿ ಒಂದನೇ ಬೀದಿಯ ಕೆಸರಲ್ಲಿ ಕೂರಿಸು ಅಂತೀಯಾ? ಜನ್ಮದಲ್ಲಿ ಒಂದ್ಸಲ ಮೇಲೆ ಬಂದವಳನ್ನ?"

ಒಳಗಿನಿಂದ ಅಕ್ಕ ವಾಂತಿ ಮಾಡುವ ಸದ್ದು ಕೇಳಿಸಿತು.

ಆ ವಾರ ನಾನು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ವಿಶೇಷಣಗಳಿರಲಿಲ್ಲ. ಒಂಬತ್ತನೇ ಬೀದಿಯ ಮಹಿಳೆಯೊಬ್ಬರ ಅಂಕಿ ಎರಡು ಸಾವಿರ ದಾಟಿದೆ, ಅವರು ಮಾತ್ರೆ ತೆಗೆದುಕೊಳ್ಳುತ್ತಿಲ್ಲ, ಊಟ ಬಿಟ್ಟಿದ್ದಾರೆ, ಕಣ್ಣು ಹಳದಿಯಾಗಿದೆ, ಇಂಥ ಏರಿಕೆ ಕಾಯಿಲೆಯ ಸೂಚನೆಯೂ ಆಗಿರಬಹುದೆಂದು ವೈದ್ಯರು ಹೇಳುತ್ತಾರೆ, ಪರೀಕ್ಷೆ ಅಗತ್ಯ. ಅಷ್ಟೇ ಬರೆದಿದ್ದೆ. ಜನ ಗುಂಪುಗೂಡಿ ಓದಿದರು. ಓದಿದವರೆಲ್ಲ ನನ್ನನ್ನು ಕನಿಕರದಿಂದ ನೋಡಿದರು.

ಮುಕುಂದರಾಯರು ನನ್ನನ್ನು ಚಾವಡಿಗೆ ಕರೆಸಿ ಪಕ್ಕದಲ್ಲೇ ಕೂರಿಸಿಕೊಂಡು ಮಜ್ಜಿಗೆ ಕೊಡಿಸಿದರು. ಅವರು ಯಾರ ಮೇಲೂ ದನಿ ಏರಿಸುವವರಲ್ಲ.

"ಅಂಕಿ ತಪ್ಪಾಗಿದೆ ಅಂತೀರಾ?"

"ಅಂಕಿ ಸರಿಯಾಗಿದೆ. ನೀವು ಅದಕ್ಕೆ ಕೊಡೋ ಅರ್ಥ ತಪ್ಪಾಗಿದೆ."

"ನೋಡಿ ಸ್ವಾಮಿ, ಅಂಕಿ ಅಂದ ಮೇಲೆ ದೊಡ್ಡದು ದೊಡ್ಡದೇ, ಸಣ್ಣದು ಸಣ್ಣದೇ. ಅದಕ್ಕೆ ನಿಮ್ಮ ಡಾಕ್ಟರಮ್ಮನ ಅರ್ಥ ಯಾಕೆ ಬೇಕು?"

"ಜ್ವರ ನೂರಾ ನಾಲ್ಕು ಬಂದ್ರೆ ನೂರಕ್ಕಿಂತ ಒಳ್ಳೇದಾ?"

"ಜ್ವರ ಜ್ವರ. ವಿಟಮಿನ್ನು ವಿಟಮಿನ್ನು. ಒಳ್ಳೆಯದು ಜಾಸ್ತಿ ಆದ್ರೆ ಕೆಟ್ಟದ್ದು ಹೇಗಾಗುತ್ತೆ, ಹೇಳಿ?"

"ಎ, ಡಿ ವಿಟಮಿನ್ನುಗಳ ಮಾತ್ರೆಯನ್ನ ಮನಸ್ಸಿಗೆ ಬಂದಷ್ಟು ನುಂಗಿದವರು ಅದರಿಂದಲೇ ಆಸ್ಪತ್ರೆ ಸೇರಿದ್ದಾರೆ. ಅಕ್ಕ ಅದನ್ನೂ ನುಂಗಿಲ್ಲ. ಅವಳ ಮೈಯೊಳಗೆ ಏನೋ ಒಡೆದಿದೆ."

ಅವರು ನಕ್ಕರು. "ಕಮಾನಿನ ಮೇಲಿನ ಬರಹ ಅಳಿಸೋಣ ಅಂತೀರಾ ಹಾಗಾದ್ರೆ?"

"ಅಳಿಸಿ."

"ಅದನ್ನ ಬರೆಸಿದವರು ನಮ್ಮ ತಾತ," ಎಂದರು ಮುಕುಂದರಾಯರು, ಮಾತು ಅಲ್ಲಿಗೆ ಮುಗಿಯಿತು ಎಂಬಂತೆ. ನನ್ನ ಮಜ್ಜಿಗೆಗೆ ಇನ್ನಷ್ಟು ಉಪ್ಪು ಬೇಕೇ ಎಂದು ಕೇಳಿದರು. ನನಗೆ ಮೈ ಉರಿದದ್ದು ಆ ಉಪ್ಪಿನ ಪ್ರಶ್ನೆಗೆ. ಒಬ್ಬ ಹೆಂಗಸು ಊರಿನ ಕಣ್ಣೆದುರು ಕರಗಿಹೋಗುತ್ತಿದ್ದಳು. ಅವರೆಲ್ಲರೂ ಒಳ್ಳೆಯವರಾಗಿಯೇ ಉಳಿದುಕೊಂಡು ಅದನ್ನು ನೋಡುತ್ತಿದ್ದರು.

ಸನ್ಮಾನ ಒಂಬತ್ತನೇ ಬೀದಿಯ ಅರಳಿಕಟ್ಟೆಯ ಬಳಿ, ಬೆಳಗಿನ ಹೊತ್ತಿನಲ್ಲಿ ಇತ್ತು. ಅಕ್ಕನಿಗೆ ರೇಷ್ಮೆ ಸೀರೆ ಉಡಿಸಿ ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದರು. ಸೀರೆ ಅವಳ ಮೇಲೆ ಗೂಟಕ್ಕೆ ತೂಗುಹಾಕಿದ ಹಾಗಿತ್ತು. ಹಾರ ಹಾಕಿದಾಗ ಅದರ ಭಾರಕ್ಕೆ ಕತ್ತು ಬಾಗಿತು. ವಿನಯ ನೋಡಿ, ಎಂದರು ಯಾರೋ.

ಮುಕುಂದರಾಯರು ಅವಳಿಗೆ ಎರಡು ಮಾತು ಹೇಳಲು ಬಿನ್ನಹ ಮಾಡಿದರು. ಅಕ್ಕ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

"ನನಗೆ ಹುಷಾರಿಲ್ಲ," ಎಂದಳು.

ಜನ ಚಪ್ಪಾಳೆ ತಟ್ಟಿದರು.

"ಅಯ್ಯೋ, ನಿಜವಾಗ್ಲೂ ಹುಷಾರಿಲ್ಲ ಕಣ್ರೋ. ನನಗೆ ಇದು ಬೇಡ. ಡಾಕ್ಟರ ಹತ್ರ ಹೋಗ್ಬೇಕು."

ಇನ್ನೂ ಜೋರಾದ ಚಪ್ಪಾಳೆ. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ, "ಎಷ್ಟು ಎತ್ತರಕ್ಕೆ ಹೋದ್ರೂ ಎಷ್ಟು ಸರಳ ನೋಡೇ," ಎಂದಳು. ಅಕ್ಕ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಾರ ತೆಗೆದು ಕುರ್ಚಿಯ ಮೇಲಿಟ್ಟಳು, ಕಟ್ಟೆ ಇಳಿದಳು, ಮೆಟ್ಟಿಲ ಕಡೆ ನಡೆದಳು. ನಾನು ಓಡಿಹೋಗಿ ಅವಳ ತೋಳು ಹಿಡಿದೆ.

ಎಂಟನೇ ಬೀದಿಯವರೆಗೆ ಯಾರಿಗೂ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ತಿಳಿದ ಮೇಲೆ ಅವರು ನಮ್ಮನ್ನು ಬೈಯಲಿಲ್ಲ, ತಡೆಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವರು ಸಹಾಯಕ್ಕೆ ಬಂದರು. ನಮ್ಮ ಊರಿನಲ್ಲಿ ಒಂಬತ್ತನೇ ಬೀದಿಯವರು ದಾರಿತಪ್ಪಿ ಕೆಳಗೆ ನಡೆದು ಬಂದರೆ ಎತ್ತಿ ಮೇಲಕ್ಕೆ ಮುಟ್ಟಿಸುವುದು ಮರ್ಯಾದೆ. ಏಳನೇ ಬೀದಿಯಲ್ಲಿ ಇಬ್ಬರು ಯುವಕರು ಒಂದು ಕುರ್ಚಿ ತಂದು, "ಕೂತ್ಕೊಳಿ ಅಮ್ಮ, ನಾವಿದೀವಿ," ಎಂದು ಅವಳನ್ನು ಕೂರಿಸಿ, ನನ್ನ ಕೈ ಬಿಡಿಸಿ, ನಗುನಗುತ್ತಾ ಎಂಟನೇ ಬೀದಿಗೆ ಹೊತ್ತುಕೊಂಡು ಹೋಗಿ ಇಳಿಸಿದರು. ನಾವು ಮತ್ತೆ ಇಳಿದೆವು. ಆರನೇ ಬೀದಿಯಲ್ಲಿ ಅವಳ ಹಳೆಯ ನೆರೆಯವರು ಸುತ್ತುವರಿದು, "ನೀಲಕ್ಕ, ನಮ್ಮನ್ನ ನೋಡೋಕೆ ನೀವು ಬರೋದಾ? ಹೇಳಿ ಕಳಿಸಿದ್ರೆ ನಾವೇ ಬರ್ತಿದ್ವಿ," ಎಂದು ಕಾಲಿಗೆ ಬಿದ್ದು, ಬೆನ್ನಿಗೆ ಕೈಕೊಟ್ಟು ಮೇಲಕ್ಕೆ ನೂಕತೊಡಗಿದರು.

"ಬಿಡ್ರೀ ಅವಳನ್ನ! ಅವಳಿಗೆ ಕಾಯಿಲೆ!" ಎಂದು ನಾನು ಕಿರಿಚಿದೆ. ಇಷ್ಟು ವರ್ಷ ವರದಿ ಮಾಡಿದರೂ ನಾನು ಬೀದಿಯಲ್ಲಿ ಕಿರಿಚಿದ್ದು ಅದೇ ಮೊದಲು.

"ನೀವು ಸುಮ್ನಿರಿ ಸ್ವಾಮಿ, ನಿಮ್ಮದು ಐದನೇ ಬೀದಿ," ಎಂದನೊಬ್ಬ, ಸಿಟ್ಟಿಲ್ಲದೆ.

ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೂತೇ ಒಂದೊಂದು ಮೆಟ್ಟಿಲು ಜಾರಿ ಇಳಿಯತೊಡಗಿದಳು, ನಡೆಯಲು ಬಾರದ ಕೂಸಿನ ಹಾಗೆ. ರೇಷ್ಮೆ ಸೀರೆ ಕಲ್ಲಿಗೆ ಉಜ್ಜಿ ಹರಿಯಿತು. ಹಾಗೆ ಕೂತು ಜಾರುವವಳನ್ನು ಹೇಗೆ ಎತ್ತಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅಂಥದಕ್ಕೆ ಮರ್ಯಾದೆಯಲ್ಲಿ ಕ್ರಮವಿಲ್ಲ. ಜನ ದೂರ ಸರಿದು ನಿಂತರು. ನಾನು ಅವಳ ಪಕ್ಕದಲ್ಲಿ ಒಂದೊಂದೇ ಮೆಟ್ಟಿಲು ಇಳಿದೆ.

ಕಮಾನಿನ ಹತ್ತಿರ ಬಂದಾಗ ಭಾವ ಏದುಸಿರು ಬಿಡುತ್ತಾ ಹಿಂದಿನಿಂದ ಬಂದು ಎದುರು ನಿಂತರು. ಕಮಾನಿನ ಆಚೆ ಕೆಳಗೆ ಕರಿಬಸವ ನಿಂತಿದ್ದ. ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು, ಜೊತೆಗೆ ಡಾಕ್ಟರ್ ಜುಲೇಖಾ ಇದ್ದರು.

"ನೀಲಾ," ಎಂದರು ಭಾವ. ಅವರ ಕಣ್ಣಲ್ಲಿ ನೀರಿತ್ತು. "ಇಲ್ಲಿಂದ ಆಚೆ ಕಾಲಿಟ್ರೆ ನಮಗೆ ಮೇಲೆ ಮನೆ ಇಲ್ಲ. ಒಂದು ಗಳಿಗೆ ಯೋಚನೆ ಮಾಡು. ಮನೇನೇ ಇಲ್ಲ ಕಣೇ."

ಅಕ್ಕ ಉಸಿರು ಸುಧಾರಿಸಿಕೊಂಡಳು. "ಒಲೆ ಹಚ್ಚೋಳು ಯಾರು?"

"ಏನು?"

"ನಮ್ಮನೇಲಿ ಒಲೆ ಹಚ್ಚೋಳು ಯಾರು ಅಂದೆ?"

"ನೀನು."

"ನಾನೆಲ್ಲಿ ಹಚ್ತೀನೋ ಅದೇ ಮನೆ. ಮನೆ ಅಂತ ಮೂರು ವರ್ಷದಿಂದ ಹೊತ್ಕೊಂಡು ತಿರುಗಿದ್ರಲ್ಲ, ಇದನ್ನೇ ಅಲ್ವಾ? ಮಡಚೋ ಮಂಚ ತಗೊಂಡು ಬನ್ನಿ. ನಾನು ಸತ್ತ ಮೇಲೆ ಒಂಬತ್ತನೇ ಬೀದೀಲಿ ಯಾರು ಅನ್ನ ಹಾಕ್ತಾರೆ ನಿಮಗೆ, ಮುಕುಂದರಾಯರಾ?"

ಹೀಗೆಂದು ಅವಳು ಜಾರಿ ಕಮಾನು ದಾಟಿದಳು. ಆಚೆ ಕರಿಬಸವ ಬಗ್ಗಿ ಅವಳನ್ನು ಹೆಗಲಿಗೆತ್ತಿಕೊಂಡ. "ಎಂಥಾ ಹಗುರ ಆಗಿದೀಯಾ ತಾಯಿ, ನನ್ನ ಪಾತ್ರೆಗಳೇ ನಿನಗಿಂತ ಭಾರ," ಎಂದ.

ಡಾಕ್ಟರ್ ಜುಲೇಖಾ ಅಂಕಿ ಕೇಳಲಿಲ್ಲ. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆಯ ಬಲಭಾಗ ಒತ್ತಿದರು, ರಕ್ತ ತೆಗೆದು ಲಿವರಿನ ಪರೀಕ್ಷೆ ಮಾಡಿದರು. ನಮ್ಮ ಸಭೆ ಇಷ್ಟು ವರ್ಷ ಒಂದೇ ಒಂದು ವಿಟಮಿನ್ ಅಳೆದಿತ್ತು. ಅದೇ ರಕ್ತದಲ್ಲಿ ಉಳಿದುದೆಲ್ಲ ಯಾರೂ ಕೇಳದೆ ಬಿದ್ದಿತ್ತು. ಬಯಲಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಲಿವರಿನ ಒಂದು ಚೂರು ತೆಗೆದು ಪರೀಕ್ಷಿಸಿ ಹೇಳಿದರು: ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಅವಳ ಲಿವರನ್ನು ಹಗೆಯೆಂದು ತಿಳಿದು ತಿನ್ನುತ್ತಿದೆ. ಇದಕ್ಕೆ ಔಷಧಿಯಿದೆ. ಇನ್ನೂ ತಡವಾಗಿದ್ದರೆ ಔಷಧಿ ಕೇಳುವ ಸ್ಥಿತಿಯಲ್ಲಿ ಲಿವರ್ ಇರುತ್ತಿರಲಿಲ್ಲ.

ಇದನ್ನು ನಾನು ಹಾಳೆಯಲ್ಲಿ ಬರೆದೆ, ಕಾಯಿಲೆಯ ಹೆಸರಿನೊಂದಿಗೆ. ಕಮಾನಿನ ಬರಹ ತೆಗೆಯಬೇಕು, ಆಸ್ಪತ್ರೆ ಒಂಬತ್ತೂ ಬೀದಿಗಳಿಗೆ ತೆರೆದಿರಬೇಕು ಎಂದೂ ಬರೆದೆ. ರಕ್ತಸಭೆ ಸೇರಿತು, ಚರ್ಚೆ ಮಾಡಿತು, ನಿರ್ಣಯ ಮಾಡಿತು. ನಿರ್ಣಯದ ಪ್ರಕಾರ, ನೀಲಾಂಬಿಕೆಯವರು ಮೇಲಿನ ಬೀದಿಯಲ್ಲಿರುವಾಗ ಅವರಿಗೆ ಕಾಯಿಲೆ ಇರಲಿಲ್ಲ. ಕಾಯಿಲೆ ಪತ್ತೆಯಾದದ್ದು ಕಮಾನು ದಾಟಿದ ನಂತರ. ಆದ್ದರಿಂದ ಬರಹದಲ್ಲಿ ತಪ್ಪೇನೂ ಇಲ್ಲ. ಇದನ್ನು ಮುಕುಂದರಾಯರು ತಮ್ಮ ಚೆನ್ನಾದ ಕಂಠದಲ್ಲಿ ಓದಿ ಹೇಳಿದರು. ಕೆಳಗೆ ನಿಂತಿದ್ದವರು ಹೌದು ಹೌದು ಎಂದರು. ಅವತ್ತು ನಾನು ಟಿಪ್ಪಣಿ ಪುಸ್ತಕವನ್ನು ಮುಚ್ಚಿ ಕಿಸೆಗೆ ಹಾಕಿಕೊಂಡೆ.

ಭಾವ ಮರುದಿನವೇ ಮಂಚ ಹೊತ್ತುಕೊಂಡು ಕೆಳಗೆ ಬಂದರು. ಮೊದಲ ಕೆಲವು ತಿಂಗಳು ಯಾರ ಜೊತೆಯೂ ಮಾತಾಡಲಿಲ್ಲ. ಆಮೇಲೆ ಒಂದನೇ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡತೊಡಗಿದರು. ಅಕ್ಕನ ಮಾತ್ರೆಗಳನ್ನು ಅವರೇ ಗಡಿಯಾರ ನೋಡಿ ಕೊಡುತ್ತಿದ್ದರು.

ಮುಂದಿನ ಪರೀಕ್ಷೆಯಲ್ಲಿ ಅಕ್ಕನ ಅಂಕಿ ನಾಲ್ಕುನೂರರ ಆಸುಪಾಸಿಗೆ ಬಂತು. ಮೂರನೇ ಬೀದಿಯ ಅಂಕಿ, ಆರೋಗ್ಯವಂತರ ಅಂಕಿ. ಚಾವಡಿಯಲ್ಲಿ ಅದನ್ನು ಓದಿದಾಗ ಜನ ಅಯ್ಯೋ ಎಂದರು. ಅವರು ಮೂರನೇ ಬೀದಿಯ ಮನೆಗೆ ಸಾಮಾನು ಇಳಿಸಿದ ವಾರವೇ ಮೇಲಿನ ಬೀದಿಗಳ ಹೆಂಗಸರು ಸಾಂತ್ವನ ಹೇಳಲು ಬಂದರು. ಕಮಾನಿನ ಈಚೆಗೆ ಆಸ್ಪತ್ರೆಗಲ್ಲದೆ ದುಃಖ ಕೇಳಲು ಬರುವುದಕ್ಕೆ ಅಡ್ಡಿಯಿಲ್ಲ.

ನಾನು ಅಲ್ಲೇ ಇದ್ದೆ. ಮಧ್ಯಾಹ್ನದ ಊಟದ ಹೊತ್ತು. ಅಕ್ಕ ಗೋಡೆಗೊರಗಿ ಕಾಲು ಚಾಚಿ ಕೂತು ಬಿಸಿ ರೊಟ್ಟಿಯನ್ನು ಮುರಿದು ಎಣಗಾಯಿ ಪಲ್ಯದಲ್ಲಿ ಅದ್ದಿ ತಿನ್ನುತ್ತಿದ್ದಳು. ಭಾವ ಒಲೆಯ ಮುಂದೆ ಕೂತು, ಕೈಗೆ ಹಿಟ್ಟು ಮೆತ್ತಿಕೊಂಡು, ಅಕ್ಕ ಹೇಳಿಕೊಟ್ಟಂತೆ ರೊಟ್ಟಿ ಬಡಿಯುತ್ತಿದ್ದರು. ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಎಷ್ಟು ಮೇಲಿದ್ರಿ ನೀಲಕ್ಕ," ಎಂದಳು ಎಂಟನೇ ಬೀದಿಯವಳೊಬ್ಬಳು. "ಯಂತ್ರಕ್ಕೇ ಎಣಿಸೋಕೆ ಬರ್ತಿರಲಿಲ್ಲ. ಈಗ ನೋಡಿ, ನಾಲ್ಕುನೂರು. ನಮಗೇ ಕರುಳು ಕಿತ್ತು ಬರುತ್ತೆ."

ನಾನು ಬಾಯಿ ತೆರೆದೆ. ಅಕ್ಕ ಕೈಯೆತ್ತಿ ನನ್ನನ್ನು ತಡೆದಳು. ಬಾಯಲ್ಲಿದ್ದ ತುತ್ತನ್ನು ಸಾವಧಾನವಾಗಿ ನುಂಗಿದಳು.

"ನಾನು ಅಲ್ಲಿ ಮೇಲೆ ಸಾಯ್ತಿದ್ದೆ ಕಣ್ರೇ," ಎಂದಳು. "ಹುಷಾರಿಲ್ಲ ಅಂತ ಬಾಯಿಬಿಟ್ಟು ಹೇಳಿದೆ. ನೀವು ಚಪ್ಪಾಳೆ ತಟ್ಟಿದ್ರಿ. ಈಗ ಬದುಕಿ ಕೂತು ಮೂರನೇ ರೊಟ್ಟಿ ತಿಂತಿದೀನಿ, ಬಂದು ಅಳ್ತಿದೀರಿ. ನಿಮಗೆ ನಾಚಿಕೆ ಅನ್ನೋದೇನಾದ್ರೂ ಇದೆಯಾ?"

ಎಂಟನೇ ಬೀದಿಯವಳು ಮೆಲ್ಲಗೆ ಪಕ್ಕದವಳ ಮೊಣಕೈ ತಿವಿದು, ನಮಗೂ ಕೇಳಿಸುವಂತೆ ಪಿಸುಗುಟ್ಟಿದಳು:

"ಪಾಪ, ದುಃಖ ತಲೆಗೇರಿದೆ. ಹೀಗೆಲ್ಲ ಮಾತು ಬರುತ್ತೆ ಇಂಥ ಹೊತ್ತಲ್ಲಿ."

ಉಳಿದವರು ತಲೆಯಾಡಿಸಿದರು. ಒಬ್ಬಳು ಹತ್ತಿರ ಸರಿದು ಅಕ್ಕನ ಬೆನ್ನು ಸವರತೊಡಗಿದಳು. ಅಕ್ಕ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಖಾಲಿ ತಟ್ಟೆಯನ್ನು ಒಲೆಯ ಕಡೆ ನೂಕಿ, "ಇನ್ನೊಂದು ಹಾಕಿ," ಎಂದಳು.